ಮಡಕೆಯ ಚೂರು, ಜಜ್ಜಿದ ಗುರಾಣಿ, ಎರಡನೆಯ ದಿನ: ಗ್ರೀಸಿನಲ್ಲಿ ಒಂದು ವಾರ

ಮೊದಲ ದಿನ: ಅಗೋರಾ

ಅಥೆನ್ಸಿಗೆ ಬಂದವರು ಮೊದಲು ಅಕ್ರೊಪೊಲಿಸ್ ಗುಡ್ಡ ಹತ್ತುವುದು ವಾಡಿಕೆ. ನಾವು ಅದನ್ನು ಮರುದಿನಕ್ಕೆ ಇಟ್ಟುಕೊಂಡು, ಗುಡ್ಡದ ವಾಯವ್ಯಕ್ಕೆ ತಗ್ಗಿನಲ್ಲಿರುವ ಅಗೋರಾಕ್ಕೆ ಹೋದೆವು. ನವೆಂಬರಿನ ಮೊದಲ ವಾರವಾದ್ದರಿಂದ ಜನಸಂದಣಿ ಇರಲಿಲ್ಲ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ನನಗೆ, ಗ್ರೀಸಿನ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುತ್ತಿದ್ದ ಪ್ರಶ್ನೆ ಒಂದೇ ಆಗಿತ್ತು: ಜನರೇ ಆಳುತ್ತಿದ್ದ ಊರು ಸಾಕ್ರಟೀಸನಂಥವನಿಗೆ ವಿಷ ಕುಡಿಸಿದ್ದು ಯಾಕೆ? ಪರೀಕ್ಷೆಗೆ ಸಾಲುವಷ್ಟು ಉತ್ತರ ಹೇಳಿ ನಾನು ಮುಂದಕ್ಕೆ ಹೋಗುತ್ತಿದ್ದೆ. ನಿವೃತ್ತನಾದ ಮೇಲೆ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಇಲ್ಲಿಗೆ ಬಂದೆ. ಕನ್ನಡ ಅಧ್ಯಾಪಕಿಯಾಗಿದ್ದ ನನ್ನ ಹೆಂಡತಿಯೂ ಜೊತೆಗಿದ್ದಳು.

ಅಗೋರಾ ಎಂದರೆ ಸಂತೆಯೂ ಹೌದು, ಊರಿನ ಚಾವಡಿಯೂ ಹೌದು. ಮೀನು ಮಾರುವವರು, ಲೇವಾದೇವಿಯವರು, ನ್ಯಾಯಾಲಯಗಳು, ಚೀಟಿ ಎತ್ತಿ ಆರಿಸಿದ 500 ಮಂದಿಯ ಆಡಳಿತ ಸಭೆ, ಎಲ್ಲವೂ ಈ ಬಯಲಿನಲ್ಲಿ ಒಂದರ ಪಕ್ಕ ಒಂದಾಗಿ ನಡೆಯುತ್ತಿದ್ದವು. ಈಗ ಕಣ್ಣಿಗೆ ಬೀಳುವುದು ಹೆಚ್ಚಾಗಿ ಅಡಿಪಾಯದ ಕಲ್ಲುಗಳು. ಪಶ್ಚಿಮದ ದಿಬ್ಬದ ಮೇಲಿನ ಹೆಫೈಸ್ಟಸ್ ದೇವಾಲಯ ಮಾತ್ರ ಕಂಬ ತೊಲೆಗಳೊಡನೆ ಗಟ್ಟಿಯಾಗಿ ನಿಂತಿದೆ. ನೈಋತ್ಯದ ಮೂಲೆಯಲ್ಲಿ ಒಂದು ಗಡಿಗಲ್ಲು ಇದೆ. ಅದರ ಮೇಲೆ ಕೊರೆದಿರುವ ಮಾತು ಕಲ್ಲೇ ಆಡಿದಂತಿದೆ: ‘ನಾನು ಅಗೋರಾದ ಗಡಿ.’ ಅದರ ಹತ್ತಿರದ ಒಂದು ಮನೆಯ ನೆಲದಲ್ಲಿ ಪಾದರಕ್ಷೆಗೆ ಹೊಡೆಯುವ ಕಬ್ಬಿಣದ ಮೊಳೆಗಳೂ, ‘ಸಿಮೋನನದು’ ಎಂದು ಗೀರಿದ ಬಟ್ಟಲಿನ ತಳವೂ ಸಿಕ್ಕಿವೆ. ಸಾಕ್ರಟೀಸ್ ಸಿಮೋನ್ ಎಂಬ ಚಮ್ಮಾರನ ಅಂಗಡಿಯಲ್ಲಿ ಕುಳಿತು ಮಾತಾಡುತ್ತಿದ್ದನೆಂದು ಹಳೆಯ ಲೇಖಕರು ಬರೆದಿರುವುದರಿಂದ ಆ ಮೊಳೆಗಳನ್ನು ನೆನೆದು ನಾನು ಅಲ್ಲಿ ಬಹಳ ಹೊತ್ತು ನಿಂತೆ.

ಪೂರ್ವಕ್ಕಿರುವ ಉದ್ದನೆಯ ಕಂಬಸಾಲಿನ ಕಟ್ಟಡವನ್ನು ಪೆರ್ಗಮಮ್‌ನ ದೊರೆ ಅಟ್ಟಾಲಸ್ ಕ್ರಿ.ಪೂ. 2ನೇ ಶತಮಾನದಲ್ಲಿ ಕಟ್ಟಿಸಿದ. 1950ರ ದಶಕದಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಗಾಜಿನ ಪೆಟ್ಟಿಗೆಯೊಂದರಲ್ಲಿ ಮಡಕೆಯ ಚೂರುಗಳಿವೆ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಲು ನಾವು ಆರಿಸಿಕೊಳ್ಳುತ್ತಿದ್ದ ಬೋಕಿಯಷ್ಟೇ ಗಾತ್ರದವು. ಅಥೆನ್ಸಿನ ಪೌರರು ವರ್ಷಕ್ಕೊಮ್ಮೆ, ಯಾರನ್ನಾದರೂ ಊರಿನಿಂದ ಹೊರಗೆ ಕಳಿಸಬೇಕೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ಬೇಕೆಂದಾದರೆ ಇನ್ನೊಂದು ದಿನ ಸೇರಿ, ತಮಗೆ ಅಪಾಯಕಾರಿ ಎನಿಸಿದವನ ಹೆಸರನ್ನು ಇಂಥ ಚೂರಿನ ಮೇಲೆ ಗೀರಿ ಹಾಕುತ್ತಿದ್ದರು. ಹಾಗೆ ಆಯ್ಕೆಯಾದವನಿಗೆ ಹತ್ತು ವರ್ಷ ಗಡೀಪಾರು. ಆದರೆ ಅವನ ಆಸ್ತಿಯನ್ನು ಮುಟ್ಟುತ್ತಿರಲಿಲ್ಲ, ಮಾನವನ್ನೂ ಕಳೆಯುತ್ತಿರಲಿಲ್ಲ. ರಾಜಕೀಯದ ಜಗಳ ರಕ್ತಪಾತಕ್ಕೆ ಹೋಗದಂತೆ ತಡೆಯಲು ಕಂಡುಕೊಂಡ ಉಪಾಯವಿದು, ಮತ್ತು ಒಳ್ಳೆಯ ಉಪಾಯವೆಂದೇ ನನ್ನ ಎಣಿಕೆ.

“ರೀ, ಇಲ್ಲಿ ನೋಡಿ. ಇವೆರಡೂ ಒಂದೇ ಕೈಯ ಬರಹ,” ಎಂದಳು ನನ್ನ ಹೆಂಡತಿ. ಗ್ರೀಕ್ ಅಕ್ಷರಗಳು ಅವಳಿಗೆ ಬಾರವು. ಆದರೆ ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣು ಅದು. ಅವಳು ತೋರಿಸಿದ್ದು ಅಥೆನ್ಸಿನ ಮುಂದಾಳು ಥೆಮಿಸ್ಟೋಕ್ಲಿಸನ ಹೆಸರಿದ್ದ ಚೂರುಗಳನ್ನು. ಅಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಇವನ ಹೆಸರಿನ ಸುಮಾರು 190 ಚೂರುಗಳು ಒಟ್ಟಿಗೆ ಸಿಕ್ಕಿದವು. ಪರಿಶೀಲಿಸಿದಾಗ ಅಷ್ಟನ್ನೂ ಬರೆದವರು ಕೇವಲ 14 ಮಂದಿ ಎಂದು ತಿಳಿಯಿತು. ಬರೆಯಲು ಬಾರದವರಿಗೆ ಹಂಚಲು ಅವನ ವಿರೋಧಿಗಳು ಮೊದಲೇ ಸಿದ್ಧಪಡಿಸಿಟ್ಟಿದ್ದ ಮತಗಳಿರಬೇಕು. ಅದೇನು ಕಾರಣವೋ, ಹಂಚದೆ ಉಳಿದು ಬಾವಿ ಸೇರಿದವು.

ಅದೇ ಕೋಣೆಯಲ್ಲಿ ಜಲಗಡಿಯಾರವಿದೆ. ಬುಡದ ಬಳಿ ಸಣ್ಣ ಕೊಳವೆಯಿರುವ ಮಣ್ಣಿನ ಪಾತ್ರೆ ಮೇಲೆ, ನೀರು ಬೀಳುವ ಇನ್ನೊಂದು ಪಾತ್ರೆ ಕೆಳಗೆ. ನಮ್ಮ ಗಳಿಗೆ ಬಟ್ಟಲು ನೀರು ತುಂಬಿ ಮುಳುಗಿ ಕಾಲ ಹೇಳಿದರೆ, ಇದು ಬರಿದಾಗಿ ಹೇಳುತ್ತದೆ. ಸುಮಾರು ಆರೂವರೆ ಲೀಟರ್ ನೀರು ಹರಿದು ಮುಗಿಯಲು ಆರು ನಿಮಿಷ. ನ್ಯಾಯಾಲಯದಲ್ಲಿ ವಾದಿಗೂ ಪ್ರತಿವಾದಿಗೂ ನೀರನ್ನು ಅಳೆದು ಮಾತಾಡುವ ಹೊತ್ತು ಕೊಡುತ್ತಿದ್ದರು. ನೀರು ನಿಂತರೆ ಮಾತೂ ನಿಲ್ಲಬೇಕು.

ಹೊರಡುವ ಮುನ್ನ ಒಂದು ಕಂಚಿನ ಗುರಾಣಿಯನ್ನು ನೋಡಿದೆವು. ಅಲ್ಲಲ್ಲಿ ಹರಿದು, ಅಪ್ಪಚ್ಚಿಯಾಗಿ, ಹಸಿರು ಕಿಲುಬು ಹಿಡಿದಿದೆ. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರಗಳು ಹೇಳುವುದಿಷ್ಟು: ಅಥೆನ್ಸಿನವರು ಇದನ್ನು ಪೈಲೋಸ್‌ನಲ್ಲಿ ಸ್ಪಾರ್ಟಾದವರಿಂದ ಕಿತ್ತುಕೊಂಡರು. ಈ ಎರಡು ಊರುಗಳ ನಡುವಿನ ದೀರ್ಘ ಯುದ್ಧದಲ್ಲಿ, ಕ್ರಿ.ಪೂ. 425ರಲ್ಲಿ, ಪೈಲೋಸ್‌ನ ಎದುರಿನ ಸ್ಫ್ಯಾಕ್ಟೀರಿಯಾ ದ್ವೀಪದಲ್ಲಿ ಸ್ಪಾರ್ಟಾದ ಕಡೆಯ 292 ಮಂದಿ ಸೈನಿಕರು ಆಯುಧ ಕೆಳಗಿಟ್ಟು ಶರಣಾದಾಗ, ಸ್ಪಾರ್ಟಾದವರು ಸಾಯುತ್ತಾರೆಯೇ ಹೊರತು ಶರಣಾಗುವುದಿಲ್ಲ ಎಂದು ನಂಬಿದ್ದ ಗ್ರೀಸೆಲ್ಲ ಬೆರಗಾಯಿತು. ಆ ಸ್ಪಾರ್ಟಾವನ್ನು ನೋಡಲು ನಾವು ಆರನೆಯ ದಿನ ಹೋಗುವವರಿದ್ದೆವು.

ಎರಡನೆಯ ದಿನ: ಪಾರ್ಥೆನಾನ್ ಮತ್ತು ಪ್ನಿಕ್ಸ್

ಪಾರ್ಥೆನಾನ್ ಬಗ್ಗೆ ಬರೆಯದವರಿಲ್ಲ. ನಾನು ಹೆಚ್ಚು ಹೇಳಲಾರೆ. ಕ್ರಿ.ಪೂ. 447ರಲ್ಲಿ ಆರಂಭವಾದ ಕಟ್ಟಡ, ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸರ ವಾಸ್ತುಯೋಜನೆ, ಫಿಡಿಯಾಸನ ಮೇಲ್ವಿಚಾರಣೆಯ ಶಿಲ್ಪಗಳು. 1687ರಲ್ಲಿ ಒಳಗೆ ತುರ್ಕರು ಕೂಡಿಟ್ಟಿದ್ದ ಮದ್ದಿನ ಮೇಲೆ ವೆನಿಸ್‌ನವರ ಗುಂಡು ಬಿದ್ದು ನಡುಭಾಗ ಸಿಡಿದುಹೋಯಿತು. ಬೆಳಗಿನ ಬಿಸಿಲಿನಲ್ಲಿ ಅಮೃತಶಿಲೆಗೆ ಜೇನಿನ ಬಣ್ಣ ಬಂದದ್ದನ್ನು ಕಂಡು ಮಾತು ಹೊರಡಲಿಲ್ಲ. ಆದರೂ ಇದನ್ನು ಕಟ್ಟುತ್ತಿದ್ದಾಗ ಊರಿನೊಳಗೇ ಎದ್ದ ದೂರು ಮನಸ್ಸಿನಿಂದ ಹೋಗಲಿಲ್ಲ. ಪರ್ಷಿಯನ್ನರಿಂದ ರಕ್ಷಣೆಗೆಂದು ನೂರಾರು ನಗರಗಳು ಕೊಡುತ್ತಿದ್ದ ಕಪ್ಪದ ಬೊಕ್ಕಸವನ್ನು ಡೆಲೋಸ್ ದ್ವೀಪದಿಂದ ಅಥೆನ್ಸಿಗೆ ತಂದು, ಆ ಹಣದಿಂದ ಅಥೆನ್ಸಿನ ಮುಂದಾಳು ಪೆರಿಕ್ಲಿಸ್ ಊರನ್ನು ಸಿಂಗರಿಸುತ್ತಿದ್ದಾನೆ ಎಂದು ವಿರೋಧಿಗಳು ಹೇಳಿದರೆಂದು, ಮುಂದಿನ ಕಾಲದ ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆದಿದ್ದಾನೆ. ಗೆಳೆಯರ ಕೂಟವಾಗಿ ಹುಟ್ಟಿದ್ದು ಸಾಮ್ರಾಜ್ಯವಾಗಿ ಬೆಳೆದ ಕಥೆ ಈ ಕಂಬಗಳಲ್ಲಿಯೇ ಇದೆ.

ಮಧ್ಯಾಹ್ನ ಪಶ್ಚಿಮಕ್ಕೆ ಇಳಿದು ಪ್ನಿಕ್ಸ್ ಎಂಬ ಗುಡ್ಡಕ್ಕೆ ಹೋದೆವು. ಇಲ್ಲಿಗೆ ಬರುವವರು ಕಡಿಮೆ. ಬಂಡೆಯನ್ನು ಕಡಿದು ಮಾಡಿದ ಒಂದು ಜಗಲಿ, ಅದರ ಮುಂದೆ ಹುಲ್ಲು ಬೆಳೆದ ಇಳಿಜಾರು ಬಯಲು, ಇಷ್ಟೆ. ಈಗ ಕಾಣುವ ಜಗಲಿ ಕ್ರಿ.ಪೂ. 4ನೇ ಶತಮಾನದ್ದು, ಆದರೆ ಪೌರರ ಸಭೆ ಅದಕ್ಕೂ ಹಿಂದಿನಿಂದ ಇದೇ ಗುಡ್ಡದಲ್ಲಿ ಸೇರುತ್ತಿತ್ತು. ‘ಯಾರು ಮಾತಾಡಬಯಸುತ್ತೀರಿ?’ ಎಂದು ಸಾರುವವನು ಕೂಗಿದಾಗ, ಕುಂಬಾರನಾಗಲಿ ರೈತನಾಗಲಿ ಎದ್ದು ಮುಂದೆ ಬರಬಹುದಾಗಿತ್ತು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಆ ಕರೆ ಸಲ್ಲುತ್ತಿರಲಿಲ್ಲ. ಊರಿನ ಜನಸಂಖ್ಯೆಯಲ್ಲಿ ಹೆಚ್ಚಿನವರು ಅವರೇ ಎಂಬುದನ್ನು ಮರೆತು ಈ ಗುಡ್ಡವನ್ನು ಹೊಗಳುವುದು ಸರಿಯಲ್ಲ.

ನಾವು ಹುಲ್ಲಿನ ಮೇಲೆ ಕುಳಿತೆವು. ಕ್ರಿ.ಪೂ. 427ರಲ್ಲಿ ನಡೆದದ್ದನ್ನು ನಾನು ಹೆಂಡತಿಗೆ ಹೇಳಿದೆ. ಲೆಸ್ಬೋಸ್ ದ್ವೀಪದ ಮಿಟಿಲೀನ್ ನಗರ ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತಿತ್ತು. ಸಿಟ್ಟಿನಲ್ಲಿದ್ದ ಸಭೆ, ಅಲ್ಲಿಯ ವಯಸ್ಕ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಬೇಕೆಂದು ತೀರ್ಮಾನಿಸಿ, ಆಜ್ಞೆ ಹೊತ್ತ ಹಡಗನ್ನು ಅಂದೇ ಕಳಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ಜನರ ಮನಸ್ಸು ಕುಟುಕತೊಡಗಿತು. ತಪ್ಪು ಮಾಡಿದವರನ್ನಷ್ಟೇ ಅಲ್ಲ, ಇಡೀ ಊರನ್ನೇ ಅಳಿಸುವುದೆ? ಸಭೆ ಎರಡನೆಯ ದಿನವೂ ಸೇರಿತು. ಕ್ಲಿಯೋನ್ ಎದ್ದು, ನಿನ್ನೆಯ ತೀರ್ಮಾನವನ್ನು ಇಂದು ಬದಲಾಯಿಸುವ ಪ್ರಜಾಪ್ರಭುತ್ವ ಸಾಮ್ರಾಜ್ಯವನ್ನು ಆಳಲಾರದು ಎಂದ. ಅವನಿಗೆ ಉತ್ತರ ಕೊಟ್ಟವನು ಡಯೊಡೋಟಸ್. ಅವಸರ ಮತ್ತು ಕೋಪ ಒಳ್ಳೆಯ ಆಲೋಚನೆಗೆ ಎರಡು ದೊಡ್ಡ ಶತ್ರುಗಳು ಎಂದು ಆರಂಭಿಸಿದ ಅವನು, ಕರುಣೆಯ ಮಾತನ್ನು ಎತ್ತದೆ, ಶರಣಾದವರನ್ನೂ ಕೊಂದರೆ ಮುಂದೆ ದಂಗೆಯೇಳುವ ಊರುಗಳು ಕೊನೆಯ ಉಸಿರಿನವರೆಗೂ ಹೋರಾಡುತ್ತವೆ, ನಷ್ಟ ನಮ್ಮದೇ ಎಂದು ವಾದಿಸಿದ. ಕೈಯೆತ್ತಿಸಿ ಎಣಿಸಿದಾಗ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿದ್ದು, ಡಯೊಡೋಟಸನ ಪಕ್ಷ ಅಲ್ಪ ಅಂತರದಲ್ಲಿ ಗೆದ್ದಿತು.

ಕೂಡಲೇ ಎರಡನೆಯ ಹಡಗು ಹೊರಟಿತು. ಮೊದಲನೆಯದು ಸುಮಾರು ಒಂದು ಹಗಲು ಒಂದು ರಾತ್ರಿ ಮುಂದಿತ್ತು. ಎರಡನೆಯ ಹಡಗಿನವರು ಹುಟ್ಟು ಹಾಕುತ್ತಲೇ ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆ ಹಿಟ್ಟನ್ನು ತಿಂದರು, ಸರದಿಯ ಮೇಲೆ ನಿದ್ದೆ ಮಾಡಿದರು. ಅದೃಷ್ಟಕ್ಕೆ ಗಾಳಿ ಎದುರಾಗಲಿಲ್ಲ. ಮೊದಲ ಹಡಗಿನವರಾದರೋ, ಹೊತ್ತಿದ್ದ ಕೆಲಸ ಅಂಥದ್ದಾದ್ದರಿಂದ, ಆತುರಪಡದೆ ಸಾಗಿದ್ದರು. ದಂಡನಾಯಕ ಮೊದಲ ಆಜ್ಞೆಯನ್ನು ಓದಿ ಜಾರಿಗೆ ತರಲು ಹೊರಡುವಷ್ಟರಲ್ಲಿ ಎರಡನೆಯ ಹಡಗು ರೇವು ಮುಟ್ಟಿತು. ದಂಗೆಯ ಮುಂದಾಳುಗಳು ಪ್ರಾಣ ಕಳೆದುಕೊಂಡರು, ಊರು ಉಳಿಯಿತು. ಇದನ್ನೆಲ್ಲ ಬರೆದಿಟ್ಟವನು ಥ್ಯೂಸಿಡಿಡೀಸ್, ಅಥೆನ್ಸಿನವನೇ. ಒಂದು ದಂಡಯಾತ್ರೆಯಲ್ಲಿ ವಿಫಲನಾದದ್ದಕ್ಕೆ ಊರು ಅವನನ್ನೂ ಇಪ್ಪತ್ತು ವರ್ಷ ಹೊರಗಿಟ್ಟಿತು.

ಹನ್ನೊಂದು ವರ್ಷಗಳ ನಂತರ, ಕ್ರಿ.ಪೂ. 416ರಲ್ಲಿ, ಅಥೆನ್ಸ್ ಮೆಲೋಸ್ ಎಂಬ ಪುಟ್ಟ ದ್ವೀಪವನ್ನು ಮುತ್ತಿತು. ಬಲವುಳ್ಳವರು ತಮಗೆ ಆದಷ್ಟನ್ನು ಮಾಡುತ್ತಾರೆ, ಬಲವಿಲ್ಲದವರು ಒಪ್ಪಿಕೊಳ್ಳಬೇಕು ಎಂದು ಅದರ ದೂತರು ಮುಖದ ಮೇಲೆಯೇ ಹೇಳಿದರು. ಸೋತ ಮೆಲೋಸ್‌ನ ಗಂಡಸರನ್ನು ಕೊಂದರು, ಉಳಿದವರನ್ನು ಮಾರಿದರು. ಎರಡನೆಯ ಹಡಗು ಹೊರಡಲಿಲ್ಲ.

ಮೂರನೆಯ ದಿನ: ಮ್ಯಾರಥಾನ್

ಸುಮಾರು 40 ಕಿ.ಮೀ. ದೂರದ ಮ್ಯಾರಥಾನ್ ಬಯಲಿಗೆ ಬಸ್ಸಿನಲ್ಲಿ ಹೋದೆವು. ಆಲಿವ್ ಮರಗಳ ನಡುವೆ ಹುಲ್ಲು ಹೊದ್ದ ಒಂದು ದಿಬ್ಬ, ಸುಮಾರು ಒಂಬತ್ತು ಮೀಟರ್ ಎತ್ತರ. ಕ್ರಿ.ಪೂ. 490ರಲ್ಲಿ ಪರ್ಷಿಯಾದ ದೊರೆ ಡೇರಿಯಸನ ಸೇನೆಯೆದುರು ಬಿದ್ದ 192 ಮಂದಿ ಅಥೆನ್ಸಿನವರ ಸಮಾಧಿಯಿದು. ನೆರವಿಗೆ ಬಂದ ಪ್ಲಟೀಯ ಊರಿನವರಿಗೂ, ಜೊತೆಯಲ್ಲಿ ಹೋರಾಡಿದ ಗುಲಾಮರಿಗೂ ಬೇರೆ ಸಮಾಧಿ ಇತ್ತೆಂದು ಹಳೆಯ ಕಾಲದ ಪ್ರವಾಸಿ ಲೇಖಕ ಪೌಸೇನಿಯಸ್ ಹೇಳುತ್ತಾನೆ.

ಇಲ್ಲಿಯೂ ಮತದ ಕಥೆಯೇ. ಹತ್ತು ಸೇನಾಪತಿಗಳಲ್ಲಿ ಐವರು ಈಗಲೇ ಯುದ್ಧ ಬೇಡ ಎಂದರು, ಐವರು ಬೇಕು ಎಂದರು. ಬೇಕೆಂದವರಲ್ಲೊಬ್ಬನಾದ ಮಿಲ್ಟಿಯಾಡೀಸ್, ಹನ್ನೊಂದನೆಯ ಮತವಿದ್ದ ಯುದ್ಧಾಧಿಕಾರಿ ಕ್ಯಾಲಿಮಾಕಸನ ಬಳಿಗೆ ಹೋಗಿ, ಅಥೆನ್ಸ್ ದಾಸ್ಯದಲ್ಲಿರಬೇಕೋ ಸ್ವತಂತ್ರವಾಗಿರಬೇಕೋ ಎಂಬುದು ನಿನ್ನ ಕೈಯಲ್ಲಿದೆ ಎಂದನೆಂದು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕ್ಯಾಲಿಮಾಕಸ್ ಯುದ್ಧಕ್ಕೆ ಮತ ಕೊಟ್ಟ. ಅದೇ ಯುದ್ಧದಲ್ಲಿ ಮಡಿದ. ಗೆದ್ದ ಮಿಲ್ಟಿಯಾಡೀಸನಾದರೂ ಸುಖವಾಗಿ ಬಾಳಲಿಲ್ಲ. ಆ ಬಳಿಕ ಪಾರೋಸ್ ದ್ವೀಪದ ಮೇಲೆ ದಂಡೆತ್ತಿ ಹೋಗಿ ಬರಿಗೈಯಲ್ಲಿ ಬಂದಾಗ ಅವನನ್ನು ವಿಚಾರಣೆಗೆ ನಿಲ್ಲಿಸಿ 50 ಟ್ಯಾಲೆಂಟ್ ಬೆಳ್ಳಿಯ ಭಾರೀ ದಂಡ ಹಾಕಿದರು. ತೊಡೆಯ ಗಾಯ ಕೊಳೆತು, ಮಂಚದ ಮೇಲೆ ಮಲಗಿದ್ದಂತೆಯೇ ತೀರ್ಪು ಕೇಳಿದ ಆತ ಸ್ವಲ್ಪ ಕಾಲದಲ್ಲೇ ಸತ್ತ.

ನಾಟಕಕಾರ ಈಸ್ಕಿಲಸ್ ಈ ಬಯಲಿನಲ್ಲಿ ಹೋರಾಡಿದ್ದ. ಅವನದೆಂದು ಹೇಳುವ ಸಮಾಧಿಲೇಖದಲ್ಲಿ ಮ್ಯಾರಥಾನಿನ ಮಾತಿದೆ, ನಾಟಕಗಳ ಮಾತೇ ಇಲ್ಲ.

ನಾಲ್ಕನೆಯ ದಿನ: ಸಲಾಮಿಸ್

ಪೆರಾಮಾ ಎಂಬಲ್ಲಿಂದ ದೋಣಿ ಹತ್ತಿದರೆ ಕಾಲು ಗಂಟೆಯಲ್ಲಿ ಸಲಾಮಿಸ್ ದ್ವೀಪ. ಜಲಸಂಧಿಯ ತುಂಬ ಹಡಗು ರಿಪೇರಿಯ ಕಟ್ಟೆಗಳು, ಕ್ರೇನುಗಳು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಕ್ಸರ್ಕ್ಸೀಸ್ ದಡದ ಬೆಟ್ಟದ ಬುಡದಲ್ಲಿ ಕುಳಿತು ತನ್ನ ನೌಕಾಪಡೆ ಮುಳುಗುವುದನ್ನು ನೋಡಿದ್ದು ಇಲ್ಲಿಯೇ. ಲಾರಿಯನ್ ಗಣಿಗಳಲ್ಲಿ ಹೊಸದಾಗಿ ಬೆಳ್ಳಿ ಸಿಕ್ಕಾಗ, ತಲೆಗೆ ಹತ್ತು ದ್ರಾಕ್ಮಾ ಹಂಚಿಕೊಳ್ಳೋಣ ಎಂದವರನ್ನು ಒಲಿಸಿ, ಆ ಹಣದಿಂದ ಹಡಗು ಕಟ್ಟಿಸಿದವನು ಥೆಮಿಸ್ಟೋಕ್ಲಿಸ್. ಒಂದೊಂದು ಹಡಗಿಗೆ 170 ಮಂದಿ ಹುಟ್ಟು ಹಾಕಬೇಕು. ಕುದುರೆ ಸಾಕಲಾಗದ, ಕವಚ ಕೊಳ್ಳಲಾಗದ ಬಡವರೇ ಊರನ್ನು ಉಳಿಸಿದ ಮೇಲೆ ಸಭೆಯಲ್ಲಿ ಅವರ ದನಿಯನ್ನು ಅಡಗಿಸುವುದು ಯಾರಿಗೂ ಸಾಧ್ಯವಾಗಲಿಲ್ಲ. ಆ ಬೆಳ್ಳಿಯನ್ನು ಅಗೆದು ತೆಗೆದವರು ಮಾತ್ರ ಗುಲಾಮರು.

ಎಂಟು ವರ್ಷಗಳ ನಂತರ ಈಸ್ಕಿಲಸ್ ಈ ಯುದ್ಧವನ್ನು ರಂಗಕ್ಕೆ ತಂದ. ಗೆದ್ದ ತನ್ನವರ ಕಡೆಯಿಂದ ಅಲ್ಲ, ಸೋತ ಪರ್ಷಿಯಾದ ಅರಮನೆಯ ಅಳುವಾಗಿ. ಬಿ.ಎಂ. ಶ್ರೀಕಂಠಯ್ಯನವರು ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿರುವುದರಿಂದ, ದೋಣಿಯ ಕಟಕಟೆ ಹಿಡಿದು ನಿಂತ ನಮ್ಮಿಬ್ಬರಿಗೂ ಈ ನೀರು ಪರಕೀಯ ಎನಿಸಲಿಲ್ಲ. ಶತ್ರುವಿನ ತಾಯಿ ಅಳುವುದನ್ನು ಗೆದ್ದ ಊರು ಕುಳಿತು ನೋಡಿತು, ಆ ವರ್ಷದ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನವನ್ನೂ ಕೊಟ್ಟಿತು. ಅಥೆನ್ಸಿನ ಬಗ್ಗೆ ನನಗೆ ಗೌರವ ಹೆಚ್ಚುವುದು ಪಾರ್ಥೆನಾನ್ ನೋಡಿದಾಗಲ್ಲ, ಇದನ್ನು ನೆನೆದಾಗ. ಇದೇ ಊರು ಥೆಮಿಸ್ಟೋಕ್ಲಿಸನನ್ನು ಮಡಕೆ ಚೂರುಗಳಿಂದ ಹೊರಗಟ್ಟಿತು. ಅವನು ಕೊನೆಗೆ ಕ್ಸರ್ಕ್ಸೀಸನ ಮಗನ ಆಶ್ರಯದಲ್ಲಿ, ಪರ್ಷಿಯಾದ ನೆಲದಲ್ಲಿ ಕಣ್ಣು ಮುಚ್ಚಿದ.

ಐದನೆಯ ದಿನ: ಡೆಲ್ಫಿ

ಸುಮಾರು 180 ಕಿ.ಮೀ. ಪ್ರಯಾಣ, ಕೊನೆಯಲ್ಲಿ ಬೆಟ್ಟದ ತಿರುವುಗಳು. ಪರ್ನಾಸಸ್ ಬೆಟ್ಟದ ಮಗ್ಗುಲಲ್ಲಿ ಅಪೊಲೊ ದೇವಾಲಯದ ಕೆಲವೇ ಕಂಬಗಳು, ಕೆಳಗೆ ಕಣಿವೆ ತುಂಬ ಆಲಿವ್ ತೋಪು. ‘ನಿನ್ನನ್ನು ನೀನು ತಿಳಿ’ ಎಂಬ ಮಾತು ಕೆತ್ತಿದ್ದು ಇಲ್ಲಿಯ ದೇವಾಲಯದ ಮೇಲೆ. ಸಾಕ್ರಟೀಸನಿಗಿಂತ ಜ್ಞಾನಿ ಯಾರೂ ಇಲ್ಲ ಎಂದು ಅವನ ಗೆಳೆಯನಿಗೆ, ದೇವರ ನುಡಿ ಹೇಳುವ ಪೂಜಾರಿಣಿ ಹೇಳಿದ್ದೂ ಇಲ್ಲಿಯೇ. ಆ ಮಾತಿನ ನಿಜಸುಳ್ಳು ನೋಡಲು ಹೊರಟೇ ತಾನು ಊರಿನ ದೊಡ್ಡವರನ್ನೆಲ್ಲ ಪ್ರಶ್ನೆ ಕೇಳಿ ಹಗೆ ಕಟ್ಟಿಕೊಂಡೆ ಎಂದು ಅವನು ನ್ಯಾಯಾಲಯದಲ್ಲಿ ಹೇಳಿದ.

ನನ್ನ ಮನಸ್ಸನ್ನು ಕಲಕಿದ್ದು ದೇವಾಲಯಕ್ಕೆ ಏರುವ ದಾರಿ. ಪರ್ಷಿಯನ್ನರನ್ನು ಸೋಲಿಸಿದ 31 ನಗರಗಳ ಹೆಸರು ಕೆತ್ತಿದ ಸರ್ಪಸ್ತಂಭದ ಪೀಠ ಇಲ್ಲಿದೆ. ಸ್ತಂಭ ಈಗ ಇಸ್ತಾಂಬುಲ್‌ನಲ್ಲಿದೆ. ಅದೇ ದಾರಿಯ ಆರಂಭದಲ್ಲಿ ಮ್ಯಾರಥಾನಿನ ಗೆಲುವಿಗೆ ಅಥೆನ್ಸ್ ನಿಲ್ಲಿಸಿದ ಸ್ಮಾರಕದ ಹತ್ತಿರವೇ, ಕ್ರಿ.ಪೂ. 405ರಲ್ಲಿ ಅಥೆನ್ಸಿನ ಕೊನೆಯ ನೌಕಾಪಡೆಯನ್ನು ನಾಶಮಾಡಿದ ಸ್ಪಾರ್ಟಾದ ಲೈಸಾಂಡರ್ ತನ್ನ ಸ್ಮಾರಕವನ್ನು ನಿಲ್ಲಿಸಿದ. ಒಂದೇ ದೇವರಿಗೆ, ಒಂದೇ ನುಡಿಯಲ್ಲಿ, ದಾಯಾದಿಗಳು ಒಬ್ಬರನ್ನೊಬ್ಬರು ಕೊಂದದ್ದಕ್ಕೆ ಸಲ್ಲಿಸಿದ ಹರಕೆಗಳು ಸಾಲಾಗಿ ನಿಂತಿದ್ದವು.

ಆರನೆಯ ದಿನ: ಸ್ಪಾರ್ಟಾ

ಕೊರಿಂತ್ ದಾಟಿ, ಟ್ರಿಪೊಲಿ ದಾಟಿ, ಮಧ್ಯಾಹ್ನದ ಹೊತ್ತಿಗೆ ಟೈಗೆಟಸ್ ಬೆಟ್ಟಸಾಲಿನ ಕೆಳಗಿನ ಸ್ಪಾರ್ಟಾ ತಲುಪಿದೆವು. ಊರು 1834ರಲ್ಲಿ ಮತ್ತೆ ಕಟ್ಟಿದ್ದು. ನೇರ ಬೀದಿಗಳು, ಕಿತ್ತಳೆ ಮರಗಳು. ಹಳೆಯ ಸ್ಪಾರ್ಟಾ ಎಲ್ಲಿ ಎಂದು ಕೇಳಿ ಉತ್ತರದ ದಿಬ್ಬಕ್ಕೆ ಹೋದರೆ ಕಂಡದ್ದು ಆಲಿವ್ ತೋಪು, ರೋಮನ್ನರ ಕಾಲದ ರಂಗಮಂದಿರ, ಅಲ್ಲಲ್ಲಿ ಗೋಡೆಯ ಬುಡ. ‘ಸ್ಪಾರ್ಟಾ ಹಾಳುಬಿದ್ದು ದೇವಾಲಯಗಳೂ ಅಡಿಪಾಯಗಳೂ ಮಾತ್ರ ಉಳಿದರೆ, ಅದಕ್ಕೆ ಅಷ್ಟು ಬಲವಿತ್ತೆಂದು ಮುಂದಿನವರು ನಂಬಲಾರರು, ಅಥೆನ್ಸಿಗೆ ಅದೇ ಗತಿ ಬಂದರೆ ಅದರ ಬಲ ಇದ್ದುದಕ್ಕಿಂತ ಇಮ್ಮಡಿ ಎಂದುಕೊಳ್ಳುತ್ತಾರೆ’ ಎಂಬರ್ಥದಲ್ಲಿ ಥ್ಯೂಸಿಡಿಡೀಸ್ ಬರೆದಿದ್ದ. 2400 ವರ್ಷಗಳ ಬಳಿಕ ನಾವು ಎರಡನ್ನೂ ಒಂದೇ ವಾರದಲ್ಲಿ ನೋಡಿದೆವು. ಅವನ ಮಾತು ಅಕ್ಷರಶಃ ನಿಜವಾಗಿತ್ತು.

ಇಬ್ಬರು ರಾಜರು, ಅವರನ್ನೂ ಸೇರಿಸಿ 30 ಮಂದಿಯ ಹಿರಿಯರ ಸಭೆ, ವರ್ಷಕ್ಕೊಮ್ಮೆ ಆರಿಸುವ, ಎಫೋರರು ಎಂಬ ಐವರು ಅಧಿಕಾರಿಗಳು. ಹೀಗಿತ್ತು ಇಲ್ಲಿಯ ಆಡಳಿತ. ಮತ ಹಾಕುವುದು ಕೂಗಿನಿಂದ. ಯಾವ ಕಡೆ ಕೂಗು ಜೋರೋ ಆ ಕಡೆ ಗೆಲುವು. ಕ್ರಿ.ಪೂ. 432ರಲ್ಲಿ ಅಥೆನ್ಸಿನ ಮೇಲೆ ಯುದ್ಧ ಹೂಡಬೇಕೆ ಎಂಬ ಪ್ರಶ್ನೆ ಬಂದಾಗ, ಎಫೋರ್ ಸ್ಥೆನೆಲೈಡಸ್ ಯಾವ ಕೂಗು ದೊಡ್ಡದೆಂದು ತನಗೆ ತಿಳಿಯಲಿಲ್ಲ ಎಂದು ಹೇಳಿ, ಯುದ್ಧ ಬೇಕೆನ್ನುವವರು ಆ ಕಡೆ, ಬೇಡವೆನ್ನುವವರು ಈ ಕಡೆ ನಿಲ್ಲಿ ಎಂದ. ಎಲ್ಲರ ಕಣ್ಣೆದುರು ಹೇಡಿಗಳ ಸಾಲಿಗೆ ಹೋಗಿ ನಿಲ್ಲುವವರು ಎಷ್ಟು ಮಂದಿ? ಮುಂದಿನ ವರ್ಷ ಆರಂಭವಾದ ಯುದ್ಧ 27 ವರ್ಷ ನಡೆಯಿತು.

ಸ್ಪಾರ್ಟಾದ ಹೆಂಗಸರಿಗೆ ಅಥೆನ್ಸಿನವರಿಗಿಂತ ಹೆಚ್ಚು ಸ್ವಾತಂತ್ರ್ಯವಿತ್ತು. ನೆಲದ ಐದರಲ್ಲಿ ಎರಡು ಪಾಲು ಅವರ ಕೈಯಲ್ಲಿತ್ತೆಂದು ಅರಿಸ್ಟಾಟಲ್ ಆಕ್ಷೇಪಿಸಿಯೇ ಬರೆದಿದ್ದಾನೆ. “ಆಕ್ಷೇಪ ಯಾಕಂತೆ?” ಎಂದು ಕೇಳಿದಳು ನನ್ನ ಹೆಂಡತಿ. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ನೆಲವನ್ನು ಉತ್ತವರು ಹೆಲಟರು, ಸ್ಪಾರ್ಟಾ ಜೀತಕ್ಕೆ ಹಾಕಿಕೊಂಡಿದ್ದ ನೆರೆಯ ಜನ. ಒಮ್ಮೆ, ಯುದ್ಧದಲ್ಲಿ ಶೌರ್ಯ ತೋರಿದೆವೆನ್ನುವ ಹೆಲಟರು ಮುಂದೆ ಬನ್ನಿ, ಬಿಡುಗಡೆ ಕೊಡುತ್ತೇವೆ ಎಂದು ಸಾರಿ, ಬಂದವರಲ್ಲಿ ಸುಮಾರು 2000 ಮಂದಿಯನ್ನು ಆರಿಸಿ, ಹೂಮಾಲೆ ಹಾಕಿ ದೇವಾಲಯಗಳ ಸುತ್ತ ಮೆರವಣಿಗೆ ಮಾಡಿಸಿದರು. ಆಮೇಲೆ ಅವರೆಲ್ಲ ಕಾಣೆಯಾದರು; ಒಬ್ಬೊಬ್ಬರೂ ಹೇಗೆ ಸತ್ತರೆಂದು ಯಾರಿಗೂ ತಿಳಿಯಲಿಲ್ಲ. ಧೈರ್ಯವಿದ್ದವರೇ ದಂಗೆಯೇಳುವರೆಂಬುದು ಸ್ಪಾರ್ಟಾದ ಲೆಕ್ಕಾಚಾರವಾಗಿತ್ತು. ಸ್ಪಾರ್ಟಾದ ರಾಜ ಲಿಯೊನಿಡಾಸನ ಪ್ರತಿಮೆಯ ಮುಂದೆ ನಿಂತಾಗ, ಥರ್ಮಾಪಿಲೆ ಕಣಿವೆಯಲ್ಲಿ ಪರ್ಷಿಯನ್ನರ ವಿರುದ್ಧ ಅವನೊಡನೆ ನಿಂತ 300 ಮಂದಿಗಿಂತ ಈ 2000 ಮಂದಿಯೇ ನನ್ನ ಕಣ್ಣಮುಂದೆ ಬಂದರು.

ಏಳನೆಯ ದಿನ: ಮತ್ತೆ ಅಥೆನ್ಸ್

ಬೆಳಗಿನ ಬಸ್ಸಿನಲ್ಲಿ ಮರಳಿ, ಮಧ್ಯಾಹ್ನ ಅಡ್ರಿಯಾನೂ ಬೀದಿಯ ಕಂಬಿಬೇಲಿಯ ಬಳಿ ನಿಂತೆವು. ಬೀದಿಯ ಮಟ್ಟಕ್ಕಿಂತ ಕೆಳಗೆ, ರೈಲುಹಳಿಯ ಪಕ್ಕದಲ್ಲಿ, ಒಂದು ಚಿಕ್ಕ ಕಟ್ಟಡದ ತಳಪಾಯವಿದೆ. ಧರ್ಮಕ್ಕೆ ಸಂಬಂಧಿಸಿದ ದೂರುಗಳನ್ನು ಕೇಳುತ್ತಿದ್ದ ಅಧಿಕಾರಿಯ ಚಾವಡಿಯಿದು. ಕ್ರಿ.ಪೂ. 399ರಲ್ಲಿ ಎಪ್ಪತ್ತು ವರ್ಷದ ಸಾಕ್ರಟೀಸ್ ಇಲ್ಲಿಗೆ ಬಂದು ತನ್ನ ಮೇಲಿನ ಆರೋಪಗಳನ್ನು ಕೇಳಿದ: ಊರಿನ ದೇವರುಗಳನ್ನು ನಂಬುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ.

ಆರೋಪದ ಹಿಂದೆ ಹೆದರಿಕೆಯಿತ್ತು. ಯುದ್ಧ ಸೋತ ಅಥೆನ್ಸಿನಲ್ಲಿ ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಮಂದಿ ಅಧಿಕಾರ ಹಿಡಿದು, ತಿಂಗಳುಗಳಲ್ಲಿ 1500 ಮಂದಿಯನ್ನು ಕೊಲ್ಲಿಸಿದ್ದರು. ಅವರ ನಾಯಕ ಕ್ರಿಟಿಯಾಸ್ ಒಂದು ಕಾಲದಲ್ಲಿ ಸಾಕ್ರಟೀಸನ ಒಡನಾಡಿ. ಪ್ರಜಾಪ್ರಭುತ್ವ ಮರಳಿದಾಗ ಹಳೆಯದನ್ನು ಕೆದಕಬಾರದೆಂದು ಎಲ್ಲರೂ ಆಣೆಯಿಟ್ಟಿದ್ದರಿಂದ ಸಿಟ್ಟು ಬೇರೆ ದಾರಿಯಲ್ಲಿ ಹೊರಬಂತು. ಸಾಕ್ರಟೀಸನಾದರೋ ಎರಡೂ ಕಡೆಯವರಿಗೆ ಇಲ್ಲ ಎಂದವನು. ಮೂವತ್ತು ಮಂದಿ ಒಬ್ಬ ನಿರಪರಾಧಿಯನ್ನು ಹಿಡಿದು ತಾ ಎಂದಾಗ ಮನೆಗೆ ಹೊರಟುಹೋದ. ಅದಕ್ಕೂ ಮೊದಲು, ಕ್ರಿ.ಪೂ. 406ರಲ್ಲಿ, ನೌಕಾಯುದ್ಧವೊಂದರ ಬಳಿಕ ನೀರಿನಲ್ಲಿ ಬಿದ್ದ ನಾವಿಕರನ್ನು ಎತ್ತಲಿಲ್ಲವೆಂದು ಎಂಟು ಸೇನಾಪತಿಗಳನ್ನು ಒಂದೇ ಮತದಲ್ಲಿ ಕೊಲ್ಲಲು ಸಭೆ ಹೊರಟಾಗ, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕೆಂಬ ಕಾನೂನು ಹಿಡಿದು ಅದನ್ನು ವಿರೋಧಿಸಿದ್ದ. ಅವನ ಮಾತು ನಡೆಯಲಿಲ್ಲ. ಊರಲ್ಲಿದ್ದ ಆರು ಮಂದಿಯನ್ನು ಕೊಂದರು. ಅವರಲ್ಲೊಬ್ಬ ಪೆರಿಕ್ಲಿಸನ ಮಗ. ಆಮೇಲೆ ಜನ ಪಶ್ಚಾತ್ತಾಪಪಟ್ಟರು.

ಸುಮಾರು 500 ಮಂದಿ ಪೌರರ ನ್ಯಾಯಮಂಡಲಿಯಲ್ಲಿ 30 ಮತಗಳು ಇನ್ನೊಂದು ಕಡೆಗೆ ಬಿದ್ದಿದ್ದರೆ ತಾನು ಬಿಡುಗಡೆಯಾಗುತ್ತಿದ್ದೆ ಎಂದು ಸಾಕ್ರಟೀಸ್ ಹೇಳಿದ್ದಾಗಿ ಪ್ಲೇಟೋ ಬರೆದಿದ್ದಾನೆ. ಇನ್ನೊಂದು ಮಾತನ್ನೂ ಹೇಳಿದ, ಅದು ಪಾಠದ ಪುಸ್ತಕದಲ್ಲಿ ಇರುತ್ತಿರಲಿಲ್ಲ: ಬೇರೆ ಕೆಲವರಲ್ಲಿರುವಂತೆ, ಸಾವಿನ ಶಿಕ್ಷೆಯ ವಿಚಾರಣೆಯನ್ನು ಒಂದೇ ದಿನದಲ್ಲಿ ಮುಗಿಸದೆ ಹಲವು ದಿನ ನಡೆಸಬೇಕೆಂಬ ಕಾನೂನು ನಿಮ್ಮಲ್ಲಿಯೂ ಇದ್ದಿದ್ದರೆ ನಾನು ನಿಮ್ಮನ್ನು ಒಪ್ಪಿಸುತ್ತಿದ್ದೆ, ಇಷ್ಟು ಸ್ವಲ್ಪ ಹೊತ್ತಿನಲ್ಲಿ ಅಷ್ಟು ದೊಡ್ಡ ಅಪವಾದವನ್ನು ಕಳೆದುಕೊಳ್ಳುವುದು ಸುಲಭವಲ್ಲ. ಹಲವು ದಿನ ವಿಚಾರಣೆ ನಡೆಸುತ್ತಿದ್ದವರು ಸ್ಪಾರ್ಟಾದವರು ಎಂದು ಪ್ಲೂಟಾರ್ಕ್‌ನಿಂದ ತಿಳಿಯುತ್ತದೆ. ಹಳಿಯ ಮೇಲೆ ರೈಲು ಹೋಯಿತು. ನಾವು ಅದು ದಾಟುವವರೆಗೆ ಮಾತಾಡಲಿಲ್ಲ.

ಕೊನೆಗೆ ಅಗೋರಾದ ನೈಋತ್ಯಕ್ಕೆ, ಕೆಲವು ವಿದ್ವಾಂಸರು ಸೆರೆಮನೆಯೆಂದು ಗುರುತಿಸುವ ಕಟ್ಟಡದ ತಳಪಾಯದ ಕಡೆಗೆ ನಡೆದೆವು. ಇಲ್ಲಿ 13 ಪುಟ್ಟ ಮಣ್ಣಿನ ಕುಡಿಕೆಗಳು ಸಿಕ್ಕಿವೆ, ಔಷಧ ತುಂಬಿಡುವಂಥವು. ತೀರ್ಪಿನ ಹಿಂದಿನ ದಿನ ಊರಿನ ಹಡಗು ಡೆಲೋಸ್ ಯಾತ್ರೆಗೆ ಸಿದ್ಧವಾಗಿ ಹಾರ ಧರಿಸಿತ್ತು. ಅದು ಹೋಗಿ ಬರುವವರೆಗೆ ಯಾರನ್ನೂ ಕೊಲ್ಲಬಾರದೆಂಬ ನಿಯಮದಿಂದ ಸಾಕ್ರಟೀಸ್ ಸೆರೆಮನೆಯಲ್ಲಿ ಒಂದು ತಿಂಗಳು ಕಳೆದ. ಒಂದು ದಿನ, ಹಡಗು ಸೂನಿಯನ್ ಭೂಶಿರಕ್ಕೆ ಬಂತೆಂಬ ಸುದ್ದಿ ಹಿಡಿದು ಗೆಳೆಯ ಕ್ರಿಟೋ ಇನ್ನೂ ಬೆಳಕು ಹರಿಯುವ ಮುನ್ನ ಒಳಗೆ ಬಂದ. ಸಾಕ್ರಟೀಸ್ ಗಾಢನಿದ್ರೆಯಲ್ಲಿದ್ದ. ಎಬ್ಬಿಸಲು ಮನಸ್ಸು ಬಾರದೆ ಕ್ರಿಟೋ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತ.